ಕಾಡಿಗಾಗಿ ಓಡುವವರೊಡನೆ ಒಂದು ಮಾತು

ಕಳೆದ ತಿಂಗಳು ನಮ್ಮ ಬಳಗದ ಮಾಸಿಕ ಸಭೆಗೆ ಅರಸೀಕೆರೆಯ ಕಾಲೇಜು ವಿದ್ಯಾರ್ಥಿಯೊಬ್ಬ ಬಂದಿದ್ದ. ಎರಡು ವರ್ಷಗಳ ಹಿಂದೆ ಕಬಡ್ಡಿ ಅಂಕಣದಲ್ಲಿ ಬಿದ್ದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡವನು. ಶಸ್ತ್ರಚಿಕಿತ್ಸೆಯಾಗಿ, ಊರುಗೋಲು ಬಿಟ್ಟು, ಈಗ ನಿಧಾನವಾಗಿ ಓಡಲು ತೊಡಗಿದ್ದಾನೆ. ಅವನ ಕೋರಿಕೆ ಸರಳವಾಗಿತ್ತು. ಮುಂದಿನ ವರ್ಷ ಪೂರ್ಣ ಮ್ಯಾರಥಾನ್ ಓಡಬೇಕು. ಆ ಓಟದ ಹೆಸರಿನಲ್ಲಿ ಬಂಧುಮಿತ್ರರಿಂದ ಹಣ ಸಂಗ್ರಹಿಸಿ ಕರಡಿ ಮತ್ತು ಚಿರತೆಗಳ ರಕ್ಷಣೆಗೆ ದುಡಿಯುವ ಸಂಸ್ಥೆಯೊಂದಕ್ಕೆ ಕೊಡಬೇಕು. ಅದಕ್ಕಾಗಿ ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಮನವಿ ಪ್ರಕಟವಾಗಬೇಕು.

ಸಭೆಯಲ್ಲಿದ್ದ ಹಲವರು ಸಂತೋಷಪಟ್ಟರು. ಆದರೆ ಬಾಗಿಲ ಬಳಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ ಸುಮ್ಮನಿದ್ದರು. ಹಿರೇಕಲ್ ಗುಡ್ಡದ ತಪ್ಪಲಿನ ರೈತರು ಅವರು. ಕೆಲವು ವರ್ಷಗಳ ಹಿಂದೆ ನಸುಕಿನಲ್ಲಿ ತೆಂಗಿನ ತೋಟಕ್ಕೆ ನೀರು ಹಾಯಿಸಲು ಹೋದಾಗ ಕರಡಿಗೆ ಎದುರಾಗಿ, ಹಣೆಯಿಂದ ಕೆನ್ನೆಯವರೆಗೆ ಮಾಯದ ಗಾಯದ ಗುರುತನ್ನು ಹೊತ್ತವರು. ಕೊನೆಗೆ ಅವರು ಹುಡುಗನನ್ನು ಕೇಳಿದರು: "ಮಗಾ, ನೀನು ಓಡ್ತೀಯ, ಸರಿ. ನೀ ಓಡಿದ್ರೆ ಕರಡಿಗೇನು ಬತ್ತದೆ? ನನಗೇನು ಬತ್ತದೆ?"

ಅದು ಕುಹಕದ ಮಾತಾಗಿರಲಿಲ್ಲ. ಉತ್ತರ ಬೇಕೆಂದೇ ಕೇಳಿದ ಪ್ರಶ್ನೆ. ಹುಡುಗ ನನ್ನ ಮುಖ ನೋಡಿದ. ನಾನೂ ಉತ್ತರಿಸಲಾರದೆ ಹೋದೆ. ಈ ಸಂಪಾದಕೀಯ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಸಂಪಾದಕೀಯದಲ್ಲಿ ಸ್ವಂತದ ಕಥೆ ಹೇಳುವುದು ನಮ್ಮ ಪತ್ರಿಕೆಯ ರೂಢಿಯಲ್ಲ. ಆದರೆ ಆ ವಿದ್ಯಾರ್ಥಿಯ ಮೊಣಕಾಲಿಗೂ ನನ್ನ ಮೊಣಕಾಲಿಗೂ ಒಂದೇ ಬಗೆಯ ಗಾಯವಾದದ್ದರಿಂದ, ಅವನು ಓಡಲಿರುವ ಓಟವನ್ನು ನಾನು ಹಿಂದೆಯೇ ಓಡಿದ್ದರಿಂದ, ಈ ಬಾರಿ ಆ ರೂಢಿಯನ್ನು ಮೀರಬೇಕಾಗಿದೆ.

ಮೊದಲು ಈ ಓಟದ ಹಿನ್ನೆಲೆಯನ್ನು ನೋಡೋಣ. ಮ್ಯಾರಥಾನಿನ 42.195 ಕಿಲೋಮೀಟರ್ ದೂರ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮೊದಲು ಬಳಕೆಯಾಗಿ, 1921ರಲ್ಲಿ ಅಧಿಕೃತವಾಯಿತು. ಬಹುಕಾಲ ಅದು ಆಯ್ದ ಕ್ರೀಡಾಪಟುಗಳ ಸ್ಪರ್ಧೆಯಾಗಿಯೇ ಉಳಿದಿತ್ತು. 1981ರಲ್ಲಿ ಲಂಡನ್ ಮ್ಯಾರಥಾನ್ ಆರಂಭವಾದ ಮೇಲೆ ಸಾಮಾನ್ಯ ಜನರು ಸಾವಿರಗಟ್ಟಲೆ ಓಡುವುದೂ, ಓಟದ ನೆಪದಲ್ಲಿ ಪರಿಚಿತರಿಂದ ದೇಣಿಗೆ ಎತ್ತಿ ಸೇವಾಸಂಸ್ಥೆಗಳಿಗೆ ಕೊಡುವುದೂ ದೊಡ್ಡ ರೂಢಿಯಾಗಿ ಬೆಳೆಯಿತು. ವನ್ಯಜೀವಿಗಳ ಪಾಲಿಗೆ ಇದರ ಪ್ರಸಿದ್ಧ ಚಿತ್ರವೆಂದರೆ ಘೇಂಡಾಮೃಗದ ವೇಷ. ಘೇಂಡಾಮೃಗಗಳ ರಕ್ಷಣೆಗೆ ದುಡಿಯುವ 'ಸೇವ್ ದ ರೈನೋ' ಸಂಸ್ಥೆಯ ಪರವಾಗಿ 1990ರ ದಶಕದಿಂದ ಪ್ರತಿವರ್ಷ ಕೆಲವರು ಸುಮಾರು ಹತ್ತು ಕಿಲೋ ತೂಕದ ಆ ವೇಷವನ್ನು ಹೊತ್ತು ಲಂಡನ್ನಿನ ಬೀದಿಗಳಲ್ಲಿ ಇಡೀ ದೂರವನ್ನು ಓಡುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿ 2004ರಲ್ಲಿ ಮುಂಬಯಿಯ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಆರಂಭವಾದವು. ಅವುಗಳೊಡನೆ ಈ ಪದ್ಧತಿಯೂ ಬಂದಿತು. ಓಟಗಾರ ಒಂದು ಸಂಸ್ಥೆಯನ್ನು ಆರಿಸಿಕೊಳ್ಳುತ್ತಾನೆ. ತಿಳಿದವರಿಗೆಲ್ಲ ಪತ್ರ ಬರೆಯುತ್ತಾನೆ. ಅವರು ಕೊಟ್ಟ ಹಣ ಸಂಸ್ಥೆಯನ್ನು ಸೇರುತ್ತದೆ. ಕೊಡುವವನಿಗೆ ಕಾಡು ಗೊತ್ತಿರಬೇಕಾಗಿಲ್ಲ, ಓಡುವವನ ಪರಿಚಯವಿದ್ದರೆ ಸಾಕು. ಈ ಪದ್ಧತಿಯ ಬಲ ಅಲ್ಲಿದೆ. ದೌರ್ಬಲ್ಯವೂ ಅಲ್ಲಿಯೇ ಇದೆ.

ನನ್ನ ಗಾಯ ವೀರೋಚಿತವಾದುದೇನಲ್ಲ. ಮಳೆಗಾಲದಲ್ಲಿ ಬೇಲೂರು ತಾಲ್ಲೂಕಿನ ರೈತರೊಬ್ಬರ ಶುಂಠಿಗೆ ತಗುಲಿದ ಕೊಳೆರೋಗ ನೋಡಲು ಹೋಗಿ, ಗದ್ದೆಯ ಬದುವಿನ ಮೇಲೆ ಕಾಲು ಜಾರಿ ಬಿದ್ದೆ. ಪಾದ ಕೆಸರಿನಲ್ಲಿ ಹೂತುಕೊಂಡಿತು, ಮೈ ತಿರುಗಿತು, ಮೊಣಕಾಲಿನೊಳಗೆ ಏನೋ ಹರಿದ ಸದ್ದು ನನಗೇ ಕೇಳಿಸಿತು. ತೊಡೆಯ ಹಿಂಭಾಗದ ಸ್ನಾಯುರಜ್ಜುವಿನ ಒಂದು ತುಂಡನ್ನು ತೆಗೆದು, ಹರಿದ ಅಸ್ಥಿರಜ್ಜುವಿನ ಜಾಗದಲ್ಲಿ ಕೂಡಿಸಿದರು. ನಾವು ಮಾವಿಗೆ ಕಸಿ ಕಟ್ಟುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಆಗ ವೈದ್ಯರು ಹೇಳಿದ ಒಂದು ಸಂಗತಿ ನನ್ನನ್ನು ಆಶ್ಚರ್ಯಗೊಳಿಸಿತು. ಕೂಡಿಸಿದ ರಜ್ಜು ಶಸ್ತ್ರಚಿಕಿತ್ಸೆಯ ದಿನ ಗಟ್ಟಿಯಾಗಿಯೇ ಇರುತ್ತದೆ. ಅನಂತರ ಅದಕ್ಕೆ ರಕ್ತನಾಳಗಳು ಹೊಸದಾಗಿ ಬೆಳೆಯಬೇಕು, ಹಳೆಯ ಜೀವಕೋಶಗಳು ಸತ್ತು ಹೊಸವು ಬರಬೇಕು. ಈ ಅವಧಿಯಲ್ಲಿ ಅದು ಮೊದಲಿಗಿಂತ ದುರ್ಬಲವಾಗುತ್ತದೆ. ಎರಡು, ಮೂರನೆಯ ತಿಂಗಳ ಹೊತ್ತಿಗೆ ನೋವು ಮಾಯವಾಗಿರುತ್ತದೆ, ಊತ ಇಳಿದಿರುತ್ತದೆ, ರೋಗಿ ಗುಣವಾದೆನೆಂದು ನಂಬುತ್ತಾನೆ. ರಜ್ಜು ಅತ್ಯಂತ ದುರ್ಬಲವಾಗಿರುವುದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಓಟ, ಜಿಗಿತಗಳ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಕಾಯಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕಾಗಿ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇದು ಬೇಗನೆ ಅರ್ಥವಾಗಬೇಕಿತ್ತು. ಅಂಗಾಂಶ ಕೃಷಿಯ ಬಾಳೆಸಸಿಯನ್ನು ಗಾಜಿನ ಸೀಸೆಯಿಂದ ತೆಗೆದು ನೇರವಾಗಿ ಹೊಲದಲ್ಲಿ ನೆಡುವವರಿಲ್ಲ. ಮೊದಲು ತೇವವಿರುವ ಮನೆ, ಆಮೇಲೆ ನೆರಳುಬಲೆ, ಆಮೇಲೆ ಅರೆಬಿಸಿಲು. ಹೀಗೆ ವಾರಗಟ್ಟಲೆ ಹದಗೊಳಿಸಿದ ಮೇಲೆಯೇ ಅದು ಬಯಲಿನ ಬಿಸಿಲನ್ನು ತಾಳುತ್ತದೆ. ನನ್ನ ಫಿಸಿಯೋಥೆರಪಿಯೂ ಹಾಗೆಯೇ ನಡೆಯಿತು. ಮೊದಲು ಮಂಚದ ಮೇಲೆ ಕಾಲನ್ನು ಬಿಗಿಹಿಡಿಯುವುದು. ಆಮೇಲೆ ಮೆಟ್ಟಿಲು. ಆಮೇಲೆ ಹಳೇಬೀಡಿನ ದ್ವಾರಸಮುದ್ರ ಕೆರೆಯ ದಡದಲ್ಲಿ ನಡಿಗೆ. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಯಾವ ವಾರವೂ ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ದೂರ ಸೇರಿಸದಿರುವುದು. ಒಂದೂವರೆ ವರ್ಷದ ಬಳಿಕ ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಬಳಿಯ ನಾಲೆಯ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನಿನಲ್ಲಿ ನಾನು ಕೊನೆಯ ಕೆಲವರಲ್ಲಿ ಒಬ್ಬನಾಗಿ ಗುರಿ ಮುಟ್ಟಿದೆ. ಓಡುವ ಮೊದಲು ಗೆಳೆಯರಿಂದ ಹಣ ಎತ್ತಿ ವನ್ಯಜೀವಿ ಸಂಸ್ಥೆಯೊಂದಕ್ಕೆ ಕಳುಹಿಸಿದ್ದೆ. ಪದಕ ಸಿಕ್ಕಿತು, ರಸೀದಿ ಬಂತು, ಎರಡನ್ನೂ ಕಪಾಟಿನಲ್ಲಿಟ್ಟೆ. ಆ ಹಣ ಏನಾಯಿತೆಂದು ನಾನು ಕೇಳಲಿಲ್ಲ.

ಸಭೆಯ ಮರುದಿನ ಮೊದಲ ಬಾರಿಗೆ ಆ ಸಂಸ್ಥೆಗೆ ಪತ್ರ ಬರೆದು ಕೇಳಿದೆ. ಉತ್ತರ ಪ್ರಾಮಾಣಿಕವಾಗಿತ್ತು. ಹಣದ ಒಂದು ಭಾಗ ಕ್ಯಾಮೆರಾಗಳ ದುರಸ್ತಿಗೆ, ಒಂದು ಭಾಗ ನಗರದ ಶಾಲೆಗಳಿಗಾಗಿ ಮುದ್ರಿಸಿದ ಪುಸ್ತಿಕೆಗೆ, ಉಳಿದುದು ಒಂದು ಕಾರ್ಯಾಗಾರಕ್ಕೆ ಖರ್ಚಾಗಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಪ್ರಾಣಿಗಳೆಷ್ಟಿವೆ, ಎಲ್ಲಿವೆ ಎಂಬುದು ತಿಳಿಯದೆ ಅವನ್ನು ಉಳಿಸಲಾಗದು. ನಗರದ ಮಕ್ಕಳೂ ಕಾಡನ್ನು ಅರಿಯಬೇಕು. ಆದರೂ ನಾನು ಓಡಿದ ನಲವತ್ತೆರಡು ಕಿಲೋಮೀಟರಿನಲ್ಲಿ ಒಂದು ಹೆಜ್ಜೆಯೂ ಆ ಹಿರಿಯರ ತೋಟದ ಬಾಗಿಲನ್ನು ತಲುಪಿರಲಿಲ್ಲ. ಅವರ ಪ್ರಶ್ನೆಯಲ್ಲಿ ಅರ್ಧಕ್ಕೆ ಉತ್ತರ ಸಿಕ್ಕಿತು. ಉಳಿದರ್ಧಕ್ಕೆ ಉತ್ತರ 'ಏನೂ ಇಲ್ಲ' ಎಂದಾಗಿತ್ತು.

ಆ ಉಳಿದರ್ಧ ಏಕೆ ಮುಖ್ಯವೆಂದು ತಿಳಿಯಲು ನಮ್ಮ ಸೀಮೆಯ ನೆಲವನ್ನೇ ನೋಡಬೇಕು. ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರ್. ಹಳೇಬೀಡಿನಿಂದ ಜಾವಗಲ್, ಬಾಣಾವರಗಳ ಮೇಲೆ ಅರಸೀಕೆರೆಗೆ ಹೋಗುವ ದಾರಿ ಹೆಚ್ಚು ಕಡಿಮೆ ಒಂದು ಮ್ಯಾರಥಾನಿನಷ್ಟು. ಇಷ್ಟು ಕಡಮೆ ದೂರದಲ್ಲಿ ನೆಲ ಇಷ್ಟು ಬದಲಾಗುವ ಸೀಮೆಗಳು ವಿರಳ. ಸಕಲೇಶಪುರದಲ್ಲಿ 2000 ಮಿಲಿಮೀಟರ್ ದಾಟುವ ವಾರ್ಷಿಕ ಮಳೆ ಅರಸೀಕೆರೆಗೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ. ಪಶ್ಚಿಮದಲ್ಲಿ ಕಾಫಿ, ಮೆಣಸು, ಗದ್ದೆ; ನಡುವೆ ಜೋಳ, ಆಲೂಗಡ್ಡೆ, ಶುಂಠಿ; ಪೂರ್ವದಲ್ಲಿ ರಾಗಿ, ತೆಂಗು, ಕೊಬ್ಬರಿ. ಪ್ರಾಣಿಗಳೂ ಹಾಗೆಯೇ ಬದಲಾಗುತ್ತವೆ. ಬೇಲೂರಿನ ಪಶ್ಚಿಮದ ಹೋಬಳಿಗಳಲ್ಲಿ ಆನೆ, ಎಲ್ಲೆಡೆಯೂ ಚಿರತೆ, ಅರಸೀಕೆರೆಯ ಬಂಡೆಗುಡ್ಡಗಳಲ್ಲಿ ಕರಡಿ.

ಈ ಸೀಮೆಗೆ ಪ್ರಾಣಿಗಳೊಡನೆ ಹಳೆಯ ನಂಟಿದೆ. ಬೇಲೂರಿನ ಚೆನ್ನಕೇಶವನ ಗುಡಿಗೆ ಬಂದವರೆಲ್ಲ ಬಾಗಿಲ ಬಳಿ ಸಳನ ಶಿಲ್ಪವನ್ನು ನೋಡುತ್ತಾರೆ: ಮೃಗದ ಮೇಲೆ ಆಯುಧವೆತ್ತಿದ ತರುಣ. ಆ ಐತಿಹ್ಯವೇ ಹೊಯ್ಸಳರ ಲಾಂಛನವಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅದನ್ನು ನೋಡುವವರ ಸಂಖ್ಯೆ ಇನ್ನೂ ಹೆಚ್ಚಿದೆ. ಮೃಗವನ್ನು ಕೊಂದವನು ಅಂದು ಊರನ್ನು ಕಾಯ್ದವನು. ಇಂದು ನಮ್ಮ ಹುಡುಗರು ಮೃಗವನ್ನು ಉಳಿಸಲು ಓಡುತ್ತಿದ್ದಾರೆ. ಈ ಬದಲಾವಣೆ ಸಣ್ಣದಲ್ಲ, ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಊರನ್ನು ಕಾಯುವ ಹೊಣೆಯನ್ನು ಮರೆತು ಮೃಗವನ್ನಷ್ಟೇ ಕಾಯುತ್ತೇವೆಂದರೆ ಅದು ನಡೆಯುವ ಮಾತಲ್ಲ. ನಮ್ಮಲ್ಲಿನ ಪ್ರಾಣಿಗಳಲ್ಲಿ ಬಹುಪಾಲು ಬದುಕಿರುವುದು ಬೇಲಿ ಹಾಕಿದ ಅಭಯಾರಣ್ಯದಲ್ಲಲ್ಲ. ಗುಡ್ಡ, ತೋಟ, ಹೊಲಗಳ ನಡುವೆ, ರೈತನ ಸಹನೆಯ ಮೇಲೆ.

ಕರಡಿಯ ಸಂಗತಿಯನ್ನೇ ನೋಡಿ. ಅದು ಮನುಷ್ಯನನ್ನು ಬೇಟೆಯಾಡುವ ಪ್ರಾಣಿಯಲ್ಲ. ಹುತ್ತ ಬಗೆದು ಗೆದ್ದಲು ತಿನ್ನುತ್ತದೆ. ಇರುವೆ, ಜೇನು, ಅತ್ತಿ, ನೇರಳೆ, ಎಲಚಿ, ಕಕ್ಕೆಕಾಯಿ ಅದರ ಆಹಾರ. ಮೂಗು ಚುರುಕು, ಕಣ್ಣು ಮಂದ. ಹುತ್ತ ಬಗೆಯುವ ಭರದಲ್ಲಿ ಹೆಜ್ಜೆಯ ಸದ್ದು ಅದಕ್ಕೆ ಕೇಳಿಸುವುದಿಲ್ಲ; ತೀರ ಹತ್ತಿರದಲ್ಲಿ ಮನುಷ್ಯನನ್ನು ಕಂಡಾಗ ಬೆದರಿ ಮೇಲೆರಗುತ್ತದೆ, ಮುಖ ತಲೆಗಳಿಗೇ ಬಾಯಿ ಹಾಕುತ್ತದೆ. ಬಳ್ಳಾರಿ ಸೀಮೆಯಲ್ಲಿ 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾಯಿತು. ನಮ್ಮಲ್ಲಿಯೂ ಗುಡ್ಡಗಳ ಒಂದು ಭಾಗಕ್ಕೆ ಅರಸೀಕೆರೆ ಕರಡಿ ವನ್ಯಧಾಮವೆಂಬ ಹೆಸರಿನಲ್ಲಿ ಕಾನೂನಿನ ರಕ್ಷಣೆ ದೊರೆತಿದೆ. ಇದು ಸಂತೋಷದ ಸಂಗತಿ. ಆದರೆ ಆ ಹಿರಿಯರು ನಸುಕಿನ ಕತ್ತಲಲ್ಲಿ ತೋಟಕ್ಕೆ ಏಕೆ ಹೋದರು? ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದೇ ಆ ಹೊತ್ತಿಗೆ ಎಂಬ ಕಾರಣಕ್ಕೆ. ಹಗಲಿನಲ್ಲಿ ಗುಡ್ಡದಲ್ಲಿ ಮಲಗುವ ಕರಡಿ ರಾತ್ರಿ ಇಳಿಯುತ್ತದೆ. ಹಗಲು ಮನೆಯಲ್ಲಿರಬೇಕಾದ ಕರೆಂಟೂ ರಾತ್ರಿಯೇ ಬರುತ್ತದೆ. ಇವೆರಡರ ನಡುವೆ ರೈತ ಬ್ಯಾಟರಿ ಹಿಡಿದು ನಡೆಯುತ್ತಾನೆ. ಅವರ ಮುಖದ ಗಾಯಕ್ಕೆ ಕರಡಿಯಷ್ಟೇ ಕಾರಣವೆಂದು ಹೇಳುವುದು ಅರ್ಧ ಸತ್ಯ.

ಇಂಥ ಗಾಯಗಳಿಗೆ ಯಾವ ಗುರಿಗೆರೆಯೂ ಇಲ್ಲ. ನನಗೆ ಗಾಯವಾದಾಗ ಸಂಬಳದ ರಜೆಯಿತ್ತು, ವಿಮೆಯಿತ್ತು, ವ್ಯಾಯಾಮ ಹೇಳಿಕೊಡುವವರಿದ್ದರು. ಕೊನೆಗೆ ಓಡಿದಾಗ ಚಪ್ಪಾಳೆ ತಟ್ಟುವವರೂ ಇದ್ದರು. ಕರಡಿಯಿಂದ ಗಾಯಗೊಂಡವನು ಮೊದಲು ಜಿಲ್ಲಾಸ್ಪತ್ರೆಗೆ, ಆಮೇಲೆ ದೊಡ್ಡ ಊರಿನ ಆಸ್ಪತ್ರೆಗೆ ಅಲೆಯಬೇಕು. ದಯಾತ್ಮಕ ಧನಕ್ಕಾಗಿ ಮಹಜರು, ವೈದ್ಯಕೀಯ ಪ್ರಮಾಣಪತ್ರ, ಪಹಣಿ, ಬ್ಯಾಂಕಿನ ಪುಸ್ತಕ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಬೇಕು. ಅವನ ಮೊಣಕಾಲಿಗೆ ವ್ಯಾಯಾಮ ಆಗುವುದಿದ್ದರೆ ಅದು ಅಲ್ಲಿಯೇ. ಅಷ್ಟರಲ್ಲಿ ಒಂದು ರಾಗಿಯ ಬೆಳೆ ಹೋಗಿರುತ್ತದೆ. ಅಂಥವನು ಮುಂದೊಮ್ಮೆ ಗುಡ್ಡಕ್ಕೆ ಬೆಂಕಿ ಬಿದ್ದಾಗ ಆರಿಸಲು ಓಡಿಬರಲಿ ಎಂದು ನಾವು ಯಾವ ಮುಖದಿಂದ ಕೇಳೋಣ?

ಗಾಯಗೊಂಡವನೂ ಪ್ರಾಣಿಯ ಪರವಾಗಿ ನಿಲ್ಲಬಲ್ಲನೆಂಬುದಕ್ಕೆ ನಮ್ಮ ನೆರೆಯ ಸೀಮೆಯಲ್ಲಿಯೇ ಒಂದು ಉದಾಹರಣೆಯಿದೆ. 2016ರ ಫೆಬ್ರವರಿ 7ರಂದು ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಅದನ್ನು ಹಿಡಿಯುವ ಕಾರ್ಯದಲ್ಲಿ ನೆರವಾಗಲು ಹೋದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ಮೇಲೆ ಅದು ಎರಗಿತು. ಈಜುಕೊಳದ ಬಳಿ ನಡೆದ ಆ ಸೆಣಸಾಟದ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಚೇತರಿಸಿಕೊಂಡ ಮೇಲೆ ಅವರು ಅದೇ ಚಿರತೆಗಳ ಅಧ್ಯಯನಕ್ಕೆ ಮರಳಿದರು. ಮರುವರ್ಷ, 2017ರಲ್ಲಿ, ಸಂರಕ್ಷಣಾ ಕಾರ್ಯಕ್ಕಾಗಿ ಲಂಡನ್ನಿನಲ್ಲಿ ವಿಟ್ಲಿ ಪ್ರಶಸ್ತಿ ಪಡೆದರು. ಆ ಪ್ರಶಸ್ತಿಯ ಹಿಂದಿರುವುದೂ ದೇಣಿಗೆಯಿಂದ ನಡೆಯುವ ಒಂದು ಸಂಸ್ಥೆಯೇ. ಅವರ ತಂಡ ಕೈಗೊಂಡ ಕೆಲಸಗಳಲ್ಲಿ ನನಗೆ ಮುಖ್ಯವೆನಿಸಿದ್ದು, ಮಲೆ ಮಹದೇಶ್ವರ ಬೆಟ್ಟ ಮತ್ತು ಕಾವೇರಿ ವನ್ಯಧಾಮದ ಸುತ್ತಲಿನ ಹಳ್ಳಿಗಳಲ್ಲಿ ಸೌದೆಯ ಬದಲು ಅಡುಗೆ ಅನಿಲ ಬಳಸುವಂತೆ ಮನೆಗಳಿಗೆ ನೆರವಾದದ್ದು. ಹುಲಿಯ ಹೆಸರಿನ ಹಣ ಒಬ್ಬ ತಾಯಿಯ ಒಲೆಯ ಬಳಿ ಬಂದು ನಿಂತಿತು. ಅವಳು ಸೌದೆಗೆಂದು ಕಾಡಿಗೆ ಹೋಗುವುದು ತಪ್ಪಿದಷ್ಟೂ ಕಾಡೂ ಉಳಿಯಿತು, ಅವಳೂ ಅಪಾಯದಿಂದ ದೂರವಾದಳು.

ಇದಕ್ಕೆ ವ್ಯತಿರಿಕ್ತವಾದ ಪಾಠವೂ ನಮ್ಮ ಜಿಲ್ಲೆಯಲ್ಲಿಯೇ ಇದೆ. 2012ರ ಕರ್ನಾಟಕ ಆನೆ ಕಾರ್ಯಪಡೆಯ ವರದಿ, 2013ರ ಉಚ್ಚ ನ್ಯಾಯಾಲಯದ ಆದೇಶಗಳ ಬಳಿಕ 2014ರಲ್ಲಿ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಸ್ವಲ್ಪಕಾಲ ಊರುಗಳು ನಿಟ್ಟುಸಿರು ಬಿಟ್ಟವು. ನೋವು ನಿಂತ ಮೊಣಕಾಲನ್ನು ಗುಣವಾಯಿತೆಂದು ನಂಬುವ ರೋಗಿಯ ಸ್ಥಿತಿ ಅದು. ಆಮೇಲೆ ಆನೆಗಳು ಮತ್ತೆ ಕಾಣಿಸಿಕೊಂಡವು. ಬೇಲೂರು ತಾಲ್ಲೂಕಿನ ಕಾಫಿ ತೋಟಗಳಿಗೂ ಹರಡಿದವು. ಹಿಡಿಯುವ ಕಾರ್ಯ ಮತ್ತೆ ಮತ್ತೆ ನಡೆಯಿತು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಅಂಥದೇ ಕಾರ್ಯಾಚರಣೆಯಲ್ಲಿ, ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಡನೆ ಸೆಣಸಿ ಸತ್ತಿತು. ಆನೆ ಹಿಡಿಯಲೇಬಾರದೆಂದು ನಾನು ವಾದಿಸುತ್ತಿಲ್ಲ; ಜೀವ ತೆಗೆದ ಆನೆಯ ಮುಂದೆ ಊರಿನವರಿಗೆ ಉಪದೇಶ ಹೇಳಲಾಗದು. ಆದರೆ ಹಿಡಿಯುವುದು ನೂರು ಮೀಟರಿನ ಓಟ. ಆನೆ ಎಲ್ಲಿದೆಯೆಂದು ಬೆಳಿಗ್ಗೆಯೇ ಕೂಲಿಕಾರರ ಮೊಬೈಲಿಗೆ ತಿಳಿಸುವುದು, ಒಂಟಿ ಮನೆಗಳಿಗೆ ದೀಪ, ಮಕ್ಕಳಿಗೆ ಶಾಲೆಯ ವಾಹನ, ಕಾಡಿನೊಳಗೆ ಮೇವು ನೀರು — ಇವು ದೂರದ ಓಟಗಳು. ಮೊದಲನೆಯದಕ್ಕೆ ಚಿತ್ರ ಬರುತ್ತದೆ, ಸುದ್ದಿ ಬರುತ್ತದೆ. ಎರಡನೆಯವಕ್ಕೆ ಪ್ರತಿವರ್ಷವೂ ಹಣ ಸಾಲದು.

ನಮ್ಮ ಗುಡ್ಡಗಳ ವಿಷಯದಲ್ಲಿಯೂ ಅದೇ ಭ್ರಮೆಯಿದೆ. ಮಾಘ ಫಾಲ್ಗುಣದಲ್ಲಿ ಬೆಂಕಿ ಬಿದ್ದ ಗುಡ್ಡ ಮುಂಗಾರಿನ ಎರಡು ಮಳೆಗೆ ಹಸಿರಾಗುತ್ತದೆ. ದೂರದಿಂದ ನೋಡಿದವರು ಕಾಡು ಚಿಗುರಿತೆನ್ನುತ್ತಾರೆ. ಹತ್ತಿರ ಹೋದರೆ ಅದು ಲಂಟಾನ ಮತ್ತು ಕಮ್ಯುನಿಸ್ಟ್ ಕಳೆ. ಸುಟ್ಟುಹೋದ ನೇರಳೆ, ಅತ್ತಿಯ ಸಸಿಗಳು ಮತ್ತೆ ಹಣ್ಣು ಬಿಡಲು ಹತ್ತಾರು ವರ್ಷ ಬೇಕು. ಆ ಹಣ್ಣಿಲ್ಲದ ಕರಡಿ ಅಷ್ಟೂ ವರ್ಷ ನಮ್ಮ ಹಲಸಿನ ಮರಕ್ಕೆ ಬರುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕರೆಂಟು, ದೀಪ, ಪರಿಹಾರ, ಶೌಚಾಲಯ ಇವೆಲ್ಲ ಸರ್ಕಾರದ ಕರ್ತವ್ಯ. ಓಟಗಾರನ ದೇಣಿಗೆ ಅದಕ್ಕೇಕೆ ಎಂದು ನಮ್ಮ ಬಳಗದಲ್ಲಿಯೇ ಕೆಲವರು ಕೇಳುತ್ತಾರೆ. ಮಾತು ನಿಜ. ಗುಡ್ಡದಂಚಿನ ಹಳ್ಳಿಗಳಿಗೆ ಹಗಲಿನಲ್ಲಿ ತ್ರೀ ಫೇಸ್ ಕರೆಂಟು ಕೊಡಬೇಕೆಂಬುದು ನಮ್ಮ ಹಕ್ಕೊತ್ತಾಯ, ಅದನ್ನು ದೇಣಿಗೆಯಿಂದ ಕೊಳ್ಳಲಾಗದು. ಆದರೆ ಆ ದಿನ ಬರುವವರೆಗೆ ರೈತ ಕತ್ತಲಲ್ಲಿ ನಡೆಯುತ್ತಲೇ ಇರುತ್ತಾನೆ. ಮನೆಯಲ್ಲಿ ಕುಳಿತು ಮೊಬೈಲಿನಿಂದಲೇ ಪಂಪು ಚಾಲೂ ಮಾಡುವ ಸ್ಟಾರ್ಟರುಗಳು ಈಗ ಮಾರುಕಟ್ಟೆಯಲ್ಲಿವೆ. ಗುಡ್ಡದಂಚಿನ ಹತ್ತು ತೋಟಗಳಿಗೆ ಅವನ್ನು ಅಳವಡಿಸಿದರೆ ಹತ್ತು ಮಂದಿ ರಾತ್ರಿ ಮನೆಯಲ್ಲಿರುತ್ತಾರೆ. ಹಿತ್ತಲಿನಲ್ಲಿ ಒಂದು ದೀಪ, ಕುರಿಹಟ್ಟಿಗೆ ಮೇಲ್ಛಾವಣಿಯಿರುವ ಗಟ್ಟಿ ದೊಡ್ಡಿ, ಕೋಳಿ ಅಂಗಡಿಯ ತ್ಯಾಜ್ಯ ಹೂಳುವ ಗುಂಡಿ ಇವೂ ಹಾಗೆಯೇ. ತ್ಯಾಜ್ಯವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ ಎಂಬುದು ನಮಗೆ ಗೊತ್ತಿರುವುದೇ. ಪರಿಹಾರದ ಅರ್ಜಿ ತುಂಬಿಸಿ, ಅದು ಮಂಜೂರಾಗುವವರೆಗೆ ಬೆನ್ನುಹತ್ತುವ ಒಬ್ಬ ಹುಡುಗನಿಗೆ ಬಸ್ಸಿನ ಖರ್ಚು ಕೊಟ್ಟರೂ ಅದು ವನ್ಯಜೀವಿ ಸಂರಕ್ಷಣೆಯೇ.

ಆದ್ದರಿಂದ ಓಡಲಿರುವ ನಮ್ಮ ತರುಣ ತರುಣಿಯರಿಗೆ ಮೂರು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲನೆಯದು ಮೈಯ ವಿಷಯ. ಗಾಯದಿಂದ ಎದ್ದವರು ನೋವಿಲ್ಲವೆಂಬುದನ್ನು ಗುಣವಾಯಿತೆಂದು ತಿಳಿಯಬೇಡಿ. ವೈದ್ಯರೂ ಫಿಸಿಯೋಥೆರಪಿಯವರೂ ಒಪ್ಪುವವರೆಗೆ ಓಡಬೇಡಿ. ಮೊದಲು ತೊಡೆಯ ಸ್ನಾಯುಗಳಿಗೆ ಬಲ ಬರಲಿ, ಆಮೇಲೆ ದೂರ ಬರಲಿ. ಡಾಂಬರಿಗಿಂತ ಕೆರೆಯ ಏರಿಯ ಮಣ್ಣು ಮೊಣಕಾಲಿಗೆ ಮೆತ್ತಗೆ. ಗುಡ್ಡದಂಚಿನ ದಾರಿಯಲ್ಲಿ ನಸುಕಿನಲ್ಲಿ ಒಬ್ಬರೇ ಓಡಬೇಡಿ, ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಳ್ಳಬೇಡಿ. ಆ ಹೊತ್ತು ಕರಡಿ, ಚಿರತೆಗಳದ್ದು. ಬೆಳಕು ಹರಿದ ಮೇಲೆ ಓಡಿದರೆ ಯಾರ ಮಾನವೂ ಹೋಗುವುದಿಲ್ಲ.

ಎರಡನೆಯದು ಹಣದ ವಿಷಯ. ಒಂದು ಸಂಸ್ಥೆಯನ್ನು ಆರಿಸುವ ಮೊದಲು ಕೇಳಿ: ಹಣ ಯಾವ ಊರಿಗೆ ಹೋಗುತ್ತದೆ? ಯಾವ ಕೆಲಸಕ್ಕೆ? ಆ ಊರಿನವರನ್ನು ಕೇಳಿದ್ದೀರಾ? ಮುಂದಿನ ವರ್ಷವೂ ಆ ಕೆಲಸ ನಡೆಯುತ್ತದೆಯೇ? ಲೆಕ್ಕವನ್ನು ಕನ್ನಡದಲ್ಲಿ ಕೊಡುತ್ತೀರಾ? ಈ ಪ್ರಶ್ನೆಗಳಿಂದ ಒಳ್ಳೆಯ ಸಂಸ್ಥೆಗಳಿಗೆ ಬೇಸರವಾಗುವುದಿಲ್ಲ. ನಾನು ಕೇಳದೆ ಇದ್ದದ್ದು ನನ್ನ ತಪ್ಪು, ಅವರದಲ್ಲ.

ಮೂರನೆಯದು ಓಟದ ನಂತರದ ದಿನದ ವಿಷಯ. ಮ್ಯಾರಥಾನ್ ಓಡಿದವರು ಆರು ತಿಂಗಳು ಪ್ರತಿದಿನ ಒಂದು ಗಂಟೆ ತೆಗೆದಿಟ್ಟವರು. ಗುರಿ ಮುಟ್ಟಿದ ಮೇಲೆ ಆ ಗಂಟೆ ಖಾಲಿಯಾಗುತ್ತದೆ. ವಾರಕ್ಕೆ ಅಂಥ ಎರಡು ಗಂಟೆಗಳನ್ನು ಗುಡ್ಡಕ್ಕೆ ಕೊಡಿ. ಬೇಸಿಗೆಗೆ ಮುನ್ನ ಬೆಂಕಿ ರೇಖೆ ಸವರಲು, ಮಳೆಗಾಲದಲ್ಲಿ ನೇರಳೆ, ಅತ್ತಿಯ ಸಸಿಗಳ ಬುಡದಿಂದ ಲಂಟಾನ ಕೀಳಲು, ಗಾಯಗೊಂಡವರ ಅರ್ಜಿ ಬರೆಯಲು ಕೈಗಳು ಬೇಕಾಗಿವೆ.

ಗ್ರಾಮಸ್ಥರಲ್ಲಿಯೂ ಒಂದು ವಿನಂತಿ. ನಗರದ ಬೀದಿಯಲ್ಲಿ ಬಣ್ಣದ ಅಂಗಿ ತೊಟ್ಟು ಓಡುವವರನ್ನು ಕಂಡು ನಗಬೇಡಿ. ಅವರಲ್ಲಿ ಬಹಳ ಮಂದಿಗೆ ನಮ್ಮ ಕಷ್ಟ ತಿಳಿಯದು. ತಿಳಿಸಿದರೆ ಕೇಳುವ ಮನಸ್ಸು ಅವರಿಗಿದೆ. ಗುಡ್ಡಕ್ಕೆ ಬೆಂಕಿ ಹಚ್ಚಿದರೆ ಹೊಸ ಹುಲ್ಲು ಬರುತ್ತದೆಂಬ ಹಳೆಯ ಲೆಕ್ಕವನ್ನು ನಾವೂ ಬಿಡಬೇಕು. ಕರಡಿಯ ಉಪಟಳ ಹೆಚ್ಚಿತೆಂದು ದೂರುವ ಕೈಯೇ ಅದರ ಅತ್ತಿ ನೇರಳೆಗಳನ್ನು ಸುಡುತ್ತಿದ್ದರೆ ನಮ್ಮ ಮಾತನ್ನು ಯಾರೂ ಕೇಳರು.

ಬಳಗದ ಕಾರ್ಯಕಾರಿ ಸಮಿತಿ ಮೊನ್ನೆ ಸೇರಿ, ಆ ವಿದ್ಯಾರ್ಥಿಯ ಓಟಕ್ಕೆ ಬೆಂಬಲ ನೀಡಲು ತೀರ್ಮಾನಿಸಿತು. ಸಂಗ್ರಹವಾಗುವ ಹಣದಲ್ಲಿ ಅರ್ಧ ಅವನು ಆರಿಸಿದ ಸಂಸ್ಥೆಗೆ ಹೋಗಲಿ. ಇನ್ನರ್ಧವನ್ನು ಹಿರೇಕಲ್ ತಪ್ಪಲಿನ ತೋಟಗಳಿಗೆ ಪಂಪಿನ ಸ್ಟಾರ್ಟರು ಅಳವಡಿಸಲು ಬಳಸೋಣ. ಯಾವ ತೋಟಕ್ಕೆ ಮೊದಲು ಎಂಬುದನ್ನು ಆ ಊರಿನವರೇ ನಿರ್ಧರಿಸಲಿ. ಪೈಸೆ ಪೈಸೆಯ ಲೆಕ್ಕವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಅವನು ಓಡಿ ಮುಗಿಸಲಾರದೆ ಹೋದರೂ, ಮೊಣಕಾಲು ಮತ್ತೆ ಕೈಕೊಟ್ಟರೂ ಹಣ ಹಿಂತಿರುಗಿಸಬೇಕೆಂದು ಯಾರೂ ಕೇಳಬಾರದು. ಕೊಡುವ ಮನಸ್ಸುಳ್ಳವರು ಬಳಗದ ಕಾರ್ಯದರ್ಶಿಯವರನ್ನು ಕಾಣಬಹುದು. ಹತ್ತು ರೂಪಾಯಿಗೂ ರಸೀದಿಯುಂಟು.

ಸಮಿತಿಯ ತೀರ್ಮಾನವನ್ನು ಹೇಳಲು ಆ ಹಿರಿಯರ ತೋಟಕ್ಕೆ ಹೋಗಿದ್ದೆ. ಎಲ್ಲವನ್ನೂ ಕೇಳಿಸಿಕೊಂಡರು. ಸ್ಟಾರ್ಟರು ತಮ್ಮ ತೋಟಕ್ಕೆ ಮೊದಲು ಬೇಡ, ಪಕ್ಕದ ಮನೆಯಲ್ಲಿ ಗಂಡನಿಲ್ಲದ ಹೆಣ್ಣುಮಗಳೊಬ್ಬಳು ರಾತ್ರಿ ನೀರು ಕಟ್ಟುತ್ತಾಳೆ, ಅವಳಿಗಾಗಲಿ ಎಂದರು. ಆಮೇಲೆ ಆ ಹುಡುಗ ದಿನಕ್ಕೆ ಎಷ್ಟು ಮೈಲಿ ಓಡುತ್ತಾನೆಂದು ವಿಚಾರಿಸಿದರು. ಈಗ ಮೂರು ಮೈಲಿಯೆಂದೆ. "ಅಷ್ಟೇ ಇರ್ಲಿ. ಅವಸರ ಮಾಡ್ಬೇಡ ಅನ್ನಿ" ಎಂದು ಹೇಳಿ, ಎಳನೀರು ಕೆಡವಲು ಕತ್ತಿ ತೆಗೆದುಕೊಂಡರು.